ಹಲ್ಲು ಎಣಿಸಲು ಇಬ್ಬರು ಬೇಕು

ಐವತ್ತೆರಡು ತುಂಬಿ, ಮೀಸೆ ಅರ್ಧ ನರೆತ ಮೇಲೂ ಅವನನ್ನು ಎಲ್ಲರೂ ಕಿರಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನ ಅಣ್ಣ, ಹಿರಿ ಮೇಸ್ತ್ರಿ, ಸತ್ತು ಹದಿನಾಲ್ಕು ತಿಂಗಳಾಗಿತ್ತು. ಹಿರಿಯನೇ ಇಲ್ಲದ ಮೇಲೆ ಇವನು ಯಾರಿಗೆ ಕಿರಿಯ ಎಂದು ಕೇಳುವ ತರ್ಕಶಾಸ್ತ್ರಿಗಳು ಆ ಬೀದಿಯಲ್ಲಿರಲಿಲ್ಲ. ಅಲ್ಲಿದ್ದವರು ಒಬ್ಬ ಟೈರಿನವನು, ಒಬ್ಬ ವೆಲ್ಡಿಂಗಿನವನು ಮತ್ತು ಸ್ಪೇರ್ ಪಾರ್ಟ್ಸ್ ಅಂಗಡಿಯ ಯಜಮಾನ. ಈ ಕಡೆಯವನಿಗೆ ಬೀದಿ ಇಟ್ಟ ಹೆಸರು 'ಇದೆ-ಇಲ್ಲ'. ಏನು ಕೇಳಿದರೂ ಅವನು "ಇದೆ" ಎನ್ನುತ್ತ ಒಳಗೆ ಹೋಗುತ್ತಿದ್ದ, ಕಾಲು ಗಂಟೆ ತಡಕಾಡುತ್ತಿದ್ದ, "ಇಲ್ಲ" ಎನ್ನುತ್ತ ಹೊರಗೆ ಬರುತ್ತಿದ್ದ.

ಅಣ್ಣತಮ್ಮಂದಿರ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಬಂದ ಒಂದು ನೇಮವಿತ್ತು. ಟೈಮಿಂಗ್ ಬೆಲ್ಟ್ ಹಾಕುವ ಮೊದಲು ಅದರ ಹಲ್ಲುಗಳನ್ನು ಎಣಿಸಬೇಕು. ಕವರಿನ ಮೇಲೆ ಏನೇ ಬರೆದಿರಲಿ, ಎಣಿಸಬೇಕು. ಇಬ್ಬರು ಎಣಿಸಬೇಕು. "ಒಬ್ಬ ಎಣಿಸಿದ್ದು ಎಣಿಕೆಯಲ್ಲ, ಊಹೆ" ಎಂದು ಅಪ್ಪ ಹೇಳಿ ಹೋಗಿದ್ದ. ಅಣ್ಣ ಅದನ್ನು ದಿನಕ್ಕೆರಡು ಸಲ ಹೇಳಿ ಉಳಿಸಿಕೊಂಡಿದ್ದ.

ಈ ಬೆಲ್ಟೆಂದರೆ ಕಾರು ಓಡಿಸುವವರು ಜನ್ಮದಲ್ಲಿ ನೋಡದ, ನೋಡಬೇಕಾಗಿ ಬಂದ ದಿನ ಕಾರೇ ಓಡದ ವಸ್ತು. ಎಂಜಿನ್ನಿನ ಕೆಳಮನೆಯಲ್ಲಿ ಪಿಸ್ಟನ್ನುಗಳ ಸಂಸಾರ. ಮೇಲ್ಮನೆಯಲ್ಲಿ, ಅಂದರೆ ಹೆಡ್ಡಿನಲ್ಲಿ, ವಾಲ್ವುಗಳ ಸಂಸಾರ. ಕೆಳಗಿನವರು ಮೇಲೆ ಬರುವಾಗ ಮೇಲಿನವರು ಬಾಗಿಲು ಹಾಕಿಕೊಂಡಿರಬೇಕು. ಇಬ್ಬರಿಗೂ ಹೊತ್ತು ಹೇಳುವುದು ಹಲ್ಲುಹಲ್ಲಾದ ಈ ರಬ್ಬರ್ ಪಟ್ಟಿ. ಅದು ಹೊತ್ತು ತಪ್ಪಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಸಂಸಾರ ಒಂದಕ್ಕೊಂದು ಬಡಿದುಕೊಂಡು ಮುಗಿಯುತ್ತವೆ.

ಎಣಿಸುವ ಕ್ರಮ ಹೀಗೆ. ಗೋಡೆಯ ದಪ್ಪ ಮರದ ಗೂಟಕ್ಕೆ ಬೆಲ್ಟನ್ನು ನೇತುಹಾಕಿ, ತುತ್ತತುದಿಯ ಹಲ್ಲಿಗೊಂದು ಗೀಟು. ಆ ಗೀಟಿನ ಹಲ್ಲು ಅಣ್ಣನ ಪಾಲಿಗೆ; ಅವನು ಬಲಮಗ್ಗುಲಲ್ಲಿ ಹೆಬ್ಬೆರಳು ಇಳಿಸುತ್ತ ಬರುತ್ತಿದ್ದ. ತಮ್ಮ ಮುಂದಿನ ಹಲ್ಲಿನಿಂದ ಎಡಮಗ್ಗುಲಲ್ಲಿ. ಹತ್ತಕ್ಕೊಮ್ಮೆ ಹಲ್ಲಿನ ನೆತ್ತಿಗೆ ಸೀಮೆಸುಣ್ಣದ ಗುರುತು: ಅಣ್ಣನದು ಹಳದಿ, ತಮ್ಮನದು ಬಿಳಿ. ತಮ್ಮ ಗುನುಗುತ್ತ ಎಣಿಸುತ್ತಿದ್ದ. ಅಣ್ಣ ಬಾಯಿ ಬಿಡುತ್ತಿರಲಿಲ್ಲ. ಹತ್ತಾದಾಗ ನಾಲಿಗೆಯಲ್ಲಿ 'ಟಕ್' ಎನಿಸುತ್ತಿದ್ದ, ಅಷ್ಟೆ. ಕೆಳಗೆ ಎರಡು ಹೆಬ್ಬೆರಳೂ ತಾಗಿದ ಕಡೆ ನಿಲ್ಲುವುದು, ನಿಂತ ಹಲ್ಲಿಗೊಂದು ಕಡೆಯ ಗುರುತು ಹಾಕುವುದು, ಇಬ್ಬರ ಲೆಕ್ಕ ಕೂಡಿಸುವುದು. ಮೂವತ್ತು ವರ್ಷ ಹೀಗೆ ನಡೆದಿತ್ತು. ಗಿರಾಕಿಗಳು ನಗುತ್ತಿದ್ದರು. "ಬೆಲ್ಟಿಗೇನು ಹೆಣ್ಣು ನೋಡ್ತಿದೀರಾ, ಹಲ್ಲೆಲ್ಲ ಎಣಿಸೋಕೆ?" ಎಂದು ಟೈರಿನವನು ಪ್ರತಿ ಸಲವೂ ಕೇಳುತ್ತಿದ್ದ, ಪ್ರತಿ ಸಲವೂ ತಾನೊಬ್ಬನೇ ನಗುತ್ತಿದ್ದ.

ಒಂದೇ ಒಂದು ಸಲ ನೇಮ ತಪ್ಪಿತ್ತು. ಅಣ್ಣ ಜ್ವರದಲ್ಲಿ ಮೂರು ದಿನ ಮಲಗಿದ್ದಾಗ ಅವನ ಸ್ವಂತ ಕಾರಿನ ಬೆಲ್ಟನ್ನು ಕಿರಿ ಮೇಸ್ತ್ರಿ ಒಬ್ಬನೇ ಎಣಿಸಿ ಹಾಕಿದ್ದ. ಎದ್ದು ಬಂದ ಅಣ್ಣ ಕಾರು ಶುರು ಮಾಡಿ, ಬಾನೆಟ್ಟಿನ ಮೇಲೆ ಕಿವಿಯಿಟ್ಟು, "ಬೆಲ್ಟು ಹಾಡ್ತಿದೆ ಕಣೋ" ಎಂದಿದ್ದ. "ಹೊಸದು, ಹಾಡ್ಲಿ ಬಿಡು" ಎಂದಿದ್ದ ತಮ್ಮ. ಎರಡು ತಿಂಗಳ ಮೇಲೆ, ಊರಾಚೆಯ ಉದ್ದನೆಯ ಇಳಿಜಾರಿನಲ್ಲಿ ಬೆಲ್ಟು ಹರಿಯಿತು. ಎಂಜಿನ್ ಸತ್ತರೆ ಬ್ರೇಕು ಕಲ್ಲಾಗುತ್ತದೆ, ಸ್ಟಿಯರಿಂಗೂ ಕಲ್ಲಾಗುತ್ತದೆ. ಕಾರು ತನ್ನ ಒಂದು ಮಗ್ಗುಲನ್ನು ತಡೆಗೋಡೆಗೆ ಉಜ್ಜಿಕೊಂಡು ಹೋಗಿ ನಿಂತಿತು. ಅಣ್ಣ ಕೂತಿದ್ದ ಮಗ್ಗುಲದು.

ಹಣೆಬರಹ ಎಂದರು ಎಲ್ಲರೂ. ಕಿರಿ ಮೇಸ್ತ್ರಿಯೂ ಹೌದೆಂದು ತಲೆಯಾಡಿಸಿದ. ಆಮೇಲೆ ಕಾರನ್ನು ಗ್ಯಾರೇಜಿಗೆ ಎಳೆಸಿ ತಂದು, ಹರಿದ ಬೆಲ್ಟನ್ನು ತಾನೇ ಬಿಚ್ಚಿ ಒಂದು ಖಾಲಿ ಆಯಿಲ್ ಡಬ್ಬಿಯಲ್ಲಿ ಸುತ್ತಿಟ್ಟು, ಮುಚ್ಚಳ ಬಡಿದು ಬೀರುವಿನ ಹಿಂದೆ ತಳ್ಳಿದ. ಎಣಿಸಲಿಲ್ಲ. ಅವತ್ತಿನಿಂದ ಬೆಲ್ಟಿನ ಕೆಲಸವನ್ನೇ ಬಿಟ್ಟ. ಕೇಳಿದವರಿಗೆ "ಬೆರಳಲ್ಲಿ ವಾತ" ಎನ್ನುತ್ತಿದ್ದ. ಅಣ್ಣ ಬದುಕಿದ್ದಾಗ ದೂರದಿಂದ ತರಿಸಲು ಹೇಳಿದ್ದ ಹೊಸ ಬೆಲ್ಟುಗಳ ಕಟ್ಟೊಂದು ಅವನು ಸತ್ತ ಮೂರು ವಾರಕ್ಕೆ ಬಂದಿತ್ತು. ಅದನ್ನೂ ಬಿಚ್ಚದೆ ಅಟ್ಟದ ಮೇಲೆಸೆದಿದ್ದ.

ಹೀಗಿರುವಾಗ ಅತ್ತಿಗೆ ಬಂದಳು.

ಅತ್ತಿಗೆ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಮೂವತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕುವುದೇ ಅವಳ ಹೊಟ್ಟೆಪಾಡು. ಅದು ಮುಖದಲ್ಲೂ ಇಳಿದಿತ್ತು. ಅವಳು ನೋಡಿದರೆ ಎದುರಿಗಿದ್ದವರು ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಪ್ರೆಸ್ಸನ್ನ ಇಳಿಜಾರಿನ ಕೆಳಗೆ ಸಾಗಿಸಿದ್ರು" ಎಂದಳು. "ಎರಡೆರಡು ಬಸ್ಸು ಹತ್ತಿ ಇಳಿದು ಸಾಕಾಯ್ತಪ್ಪ. ಆ ಕಾರು ರೆಡಿ ಮಾಡಿಕೊಡು. ಸೋಮವಾರದಿಂದ ನಾನೇ ಓಡಿಸ್ತೀನಿ."

"ಆ ಕಾರೇ ಬೇಕಾ ಅತ್ತಿಗೆ? ಬೇರೆ ಯಾವುದಾದ್ರೂ ನೋಡೋಣ."

"ಕಾರೇನು ಅವರನ್ನ ಕೊಂದಿದೆಯಾ? ಮೂಲೆಯಲ್ಲಿ ನಿಂತು ತುಕ್ಕು ಹಿಡಿಯೋಕೆ ಅದೇನು ತಪ್ಪು ಮಾಡಿದೆ?"

ಕಿರಿ ಮೇಸ್ತ್ರಿ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ. ಕೈಯಲ್ಲೇನೂ ಇರಲಿಲ್ಲ.

"ಬೆಲ್ಟಿನ ಕೆಲಸ ಬೇರೆಯವರ ಹತ್ರ ಮಾಡಿಸೋಣ" ಎಂದ.

"ಬೇರೆಯವರು ಎಣಿಸ್ತಾರಾ?" ಎಂದಳು ಅವಳು. ಬೇರೆಯವರು ಎಣಿಸುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿತ್ತು.

ವೆಲ್ಡಿಂಗಿನವನು ಮಗ್ಗುಲನ್ನು ಆಗಲೇ ತಟ್ಟಿ ಸರಿ ಮಾಡಿಟ್ಟಿದ್ದ. ಉಳಿದಿದ್ದು ಎಂಜಿನ್. ಬೆಲ್ಟು ಹರಿದಾಗ ಪಿಸ್ಟನ್ನುಗಳು ಬಡಿದು ವಾಲ್ವುಗಳು ಬೆಂಡಾಗಿದ್ದವು, ಹೆಡ್ಡು ಬಿರುಕು ಬಿಟ್ಟಿತ್ತು. ಅದೇ ಮಾಡೆಲ್ಲಿನ ಹೆಡ್ಡು ಎಲ್ಲೂ ಸಿಗಲಿಲ್ಲ. ಗುಜರಿಯಲ್ಲಿ ಸಿಕ್ಕಿದ್ದು ಅದೇ ಕಂಪನಿಯ ಇನ್ನೊಂದು ಕಾರಿನದು. ಬೋಲ್ಟಿನ ತೂತುಗಳು ಕೂಡುತ್ತವೆ, ಆದರೆ ಎತ್ತರ ಒಂದು ಬೆರಳು ಹೆಚ್ಚು, ಬೆಲ್ಟು ಕೂರುವ ಮೇಲಿನ ಪುಲ್ಲಿಯೂ ದೊಡ್ಡದು.

"ಮೈ ಒಬ್ಬನದು, ತಲೆ ಇನ್ನೊಬ್ಬನದು" ಎಂದ ಟೈರಿನವನು ಬಗ್ಗಿ ನೋಡಿ. "ಯಾರ ಮಾತು ಕೇಳುತ್ತಪ್ಪ ಇದು?"

"ಮನೇಲಿ ನೀನು ಯಾರ ಮಾತು ಕೇಳ್ತೀಯೋ ಅವರದ್ದೇ."

"ಹಾಗಾದ್ರೆ ತಲೆಗೇನೂ ಕೆಲಸ ಇಲ್ಲ ಬಿಡು" ಎಂದು ಅವನು ಹೋದ.

ತೊಂದರೆ ಬೆಲ್ಟಿನದು. ಹಳೆಯ ಎಂಜಿನ್ನಿಗೆ ನೂರಿಪ್ಪತ್ತೊಂದು ಹಲ್ಲಿನ ಬೆಲ್ಟು. ಈ ಹೆಡ್ಡು ಬಂದ ಕಾರಿಗೆ ನೂರಿಪ್ಪತ್ತೊಂಬತ್ತು. ಈ ಮೈಗೆ ಈ ತಲೆ ಕೂಡಿಸಿದರೆ ಎಷ್ಟೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಕಿರಿ ಮೇಸ್ತ್ರಿ ಅಪ್ಪನ ಉಪಾಯವನ್ನೇ ಹಿಡಿದ. ಹಿಗ್ಗದ ದಾರವನ್ನು ಕೆಳಗಿನ ಪುಲ್ಲಿಯಿಂದ ಮೇಲಿನ ಪುಲ್ಲಿಗೆ, ಅಲ್ಲಿಂದ ಬೆಲ್ಟನ್ನು ಬಿಗಿ ಹಿಡಿಯುವ ಚಿಕ್ಕ ಗಾಲಿಯ ಬೆನ್ನ ಮೇಲೆ ಹಾಯಿಸಿ, ಸುತ್ತು ಮುಗಿದಲ್ಲಿ ಗಂಟು ಹಾಕಿ, ಬಿಚ್ಚಿ ಅಳೆದ. ಹಲ್ಲಿನಿಂದ ಹಲ್ಲಿಗಿರುವ ದೂರದಿಂದ ಭಾಗಿಸಿದ. ನೂರಿಪ್ಪತ್ತೈದು. ಮೂರು ಸಲ ಅಳೆದ. ಮೂರು ಸಲವೂ ಅದೇ.

ಅಟ್ಟದ ಮೇಲಿನ ಕಟ್ಟಿನಲ್ಲಿ ಆ ಅಳತೆಯದು ಇರಲಾರದು ಎಂದು ಅವನಿಗೆ ಗೊತ್ತಿತ್ತು. ಇದ್ದರೂ ಬಿಚ್ಚುತ್ತಿರಲಿಲ್ಲ. ಇದೆ-ಇಲ್ಲನ ಅಂಗಡಿಗೆ ಹೋದ.

"ಇದೆ" ಎಂದ ಇದೆ-ಇಲ್ಲ, ಒಳಗೆ ಹೋದ. ಬಂದಾಗ, ಆಶ್ಚರ್ಯವೆಂದರೆ, ಕೈಯಲ್ಲಿ ಬೆಲ್ಟಿತ್ತು. ಕವರಿನ ಮೇಲೆ ನೂರಿಪ್ಪತ್ತೈದು ಎಂದೇ ಇತ್ತು. ಬೆಲ್ಟಿನ ಬೆನ್ನ ಮೇಲಿನ ಅಂಕಿ ಮಾತ್ರ ಉಜ್ಜಿ ಅಳಿಸಿಹೋಗಿತ್ತು.

"ಕವರು ಇದರದ್ದೇನಾ?"

"ಕವರು ಕವರೇ. ಬೆಲ್ಟು ಬೆಲ್ಟೇ. ಯಾರದ್ದು ಯಾರಿಗೆ ಅಂತ ನಾನು ಜಾತಕ ನೋಡಿ ಇಡ್ತೀನಾ? ನೀವು ಹೇಗೂ ಎಣಿಸೋರು."

ಶನಿವಾರ ನಡುಮಧ್ಯಾಹ್ನ. ತಗಡಿನ ಸೂರಿನ ತೂತುಗಳಿಂದ ಬಿಸಿಲಿನ ಕಡ್ಡಿಗಳು ನೆಲಕ್ಕೆ ಇಳಿದಿದ್ದವು. ಪಕ್ಕದಲ್ಲಿ ಟೈರಿನವನ ಗಾಳಿಯಂತ್ರ ಉಸಿರು ಬಿಡುತ್ತಿತ್ತು. ಭಯಪಡಲು ಇದಕ್ಕಿಂತ ಅನುಕೂಲವಿಲ್ಲದ ಹೊತ್ತು ಹುಡುಕಿದರೂ ಸಿಗದು. ಕಿರಿ ಮೇಸ್ತ್ರಿ ಬೆಲ್ಟನ್ನು ಗೂಟಕ್ಕೆ ಹಾಕಿ, ತುದಿಯ ಹಲ್ಲಿಗೆ ಬಿಳಿ ಗೀಟೆಳೆದು, ತನ್ನ ಮಗ್ಗುಲಲ್ಲಿ ಎಣಿಸುತ್ತ ಇಳಿದ. ಅರವತ್ತಮೂರಕ್ಕೆ ತೀರಾ ಕೆಳಗೆ ಬಂದ. ಅಲ್ಲೊಂದು ಬಿಳಿ ಗುರುತು ಹಾಕಿದ. ನಂತರ ಆಚೆ ಸರಿದು, ಅಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಗೀಟಿನ ಹಲ್ಲಿನಿಂದ ಮತ್ತೆ ಕೆಳಗಿಳಿದ. ಹತ್ತು.

ಟಕ್.

ಹಲ್ಲಿ ಎಂದುಕೊಂಡ. ಇಪ್ಪತ್ತು. ಟಕ್. ಡೀಸೆಲ್ ವಾಸನೆಗೆ ಆ ಗ್ಯಾರೇಜಿನ ಹಲ್ಲಿಗಳು ಅಪ್ಪನ ಕಾಲದಲ್ಲೇ ಮನೆ ಖಾಲಿ ಮಾಡಿದ್ದವು ಎಂಬುದು ಮೂವತ್ತರ ಹೊತ್ತಿಗೆ ನೆನಪಾಯಿತು. ಟಕ್. ಕಿವಿ ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ. ಅವನು ಎಣಿಸುವುದನ್ನು ನಿಲ್ಲಿಸಲಿಲ್ಲ; ತನ್ನ ಬಿಳಿ ಗುರುತಿನ ಹಲ್ಲು ಮುಟ್ಟಿದಾಗ ಲೆಕ್ಕ ಅರವತ್ತೆರಡು. ಅರವತ್ತಮೂರು, ಅರವತ್ತೆರಡು. ನೂರಿಪ್ಪತ್ತೈದು. ಸರಿಯಾಗಿದೆ.

ಉಸಿರು ಬಿಟ್ಟು, ಬೆಲ್ಟನ್ನು ಇಳಿಸಿ ಬೆಳಕಿಗೆ ಹಿಡಿದ. ಬಲಮಗ್ಗುಲಲ್ಲಿ, ಹತ್ತಕ್ಕೊಂದರಂತೆ, ಹಲ್ಲುಗಳ ನೆತ್ತಿಯ ಮೇಲೆ ಹಳದಿ ಗುರುತುಗಳಿದ್ದವು.

ಅವನ ಕೈಯಲ್ಲಿ ಇದ್ದದ್ದು ಬಿಳಿ ತುಂಡೊಂದೇ. ಹಳದಿ ಸೀಮೆಸುಣ್ಣ ಗ್ಯಾರೇಜಿನಲ್ಲೇ ಇರಲಿಲ್ಲ. ಅದು ಯಾವಾಗಲೂ ಅಣ್ಣನ ಅಂಗಿಯ ಜೇಬಿನಲ್ಲಿರುತ್ತಿತ್ತು. ಹಳದಿಯ ಕಡೆಯ ಗುರುತು ಇವನ ಬಿಳಿ ಗುರುತಿನ ಪಕ್ಕದಲ್ಲಿತ್ತು. ಸರಿಯಾಗಿ ಒಂದು ಹಲ್ಲು ಹಿಂದೆ. ಅರವತ್ತೊಂದರಲ್ಲಿ. ಎಂದರೆ ಹಳದಿಯ ಲೆಕ್ಕದಲ್ಲಿ ಬೆಲ್ಟಿಗೆ ನೂರಿಪ್ಪತ್ತನಾಲ್ಕೇ ಹಲ್ಲು.

ಬಟ್ಟೆಗೆ ಪೆಟ್ರೋಲು ಹಾಕದೆ, ರಬ್ಬರು ಕೆಡುತ್ತದೆಂದು, ಒಣ ಬಟ್ಟೆಯಲ್ಲೇ ಎಲ್ಲ ಗುರುತನ್ನೂ ತಿಕ್ಕಿ ಒರೆಸಿದ. ಅಂಥ ಹೊತ್ತಿನಲ್ಲೂ ಅದು ನೆನಪಿತ್ತು, ಕಸುಬೆಂದರೆ ಹಾಗೆ. ಮತ್ತೆ ಗೂಟಕ್ಕೆ ಹಾಕಿ ಎಣಿಸಿದ. ಅರವತ್ತಮೂರು, ಅರವತ್ತೆರಡು. ಟಕ್, ಟಕ್, ಆರು ಸಲ. ಬೆಳಕಿಗೆ ಹಿಡಿದ. ಹಳದಿ ಒಂದು ಹಲ್ಲು ಹಿಂದೆಯೇ ನಿಂತಿತ್ತು.

"ತಪ್ಪು ನಿನ್ನದು ಕಣೋ ಅಣ್ಣ" ಎಂದ ಕಿರಿ ಮೇಸ್ತ್ರಿ, ಖಾಲಿ ಗ್ಯಾರೇಜಿಗೆ. "ಒಂದು ಹಲ್ಲು ಬಿಟ್ಟಿದೀಯ."

ಹಾಗೆಂದ ಮೇಲೆ ಸ್ಟೂಲಿನ ಮೇಲೆ ಕೂತ. ಯಾಕೆಂದರೆ ಲೆಕ್ಕ ಬಲು ಸರಳವಾಗಿತ್ತು. ಇವತ್ತು ಒಬ್ಬನೇ ಎಣಿಸಿದ್ದು ಸರಿಯಾದರೆ ಅವತ್ತು ಒಬ್ಬನೇ ಎಣಿಸಿದ್ದೂ ಸರಿ. ಅವತ್ತು ಬೆಲ್ಟು ಹರಿದದ್ದು ಹಣೆಬರಹ. ಇವತ್ತು ಹಳದಿ ಸರಿಯಾದರೆ, ಅವತ್ತಿನ ಬೆಲ್ಟಿಗೂ ಒಂದು ಹಲ್ಲು ಕಡಿಮೆಯಿತ್ತು. ಬಿಗಿಯಾಗಿ ಕೂತು, ಹಾಡಿ ಹಾಡಿ, ಹರಿದಿತ್ತು. ಅಣ್ಣನನ್ನು ಕೊಂದದ್ದು ಇಳಿಜಾರಲ್ಲ. ಬೀರುವಿನ ಹಿಂದಿನ ಡಬ್ಬಿಯ ಕಡೆ ನೋಡಿದ. ಡಬ್ಬಿ ತನ್ನಷ್ಟಕ್ಕೆ ತಾನಿತ್ತು.

ಮನುಷ್ಯ ತನಗೆ ಬೇಕಾದ ಲೆಕ್ಕವನ್ನು ಬಲು ಬೇಗ ನಂಬುತ್ತಾನೆ. ಸಂಜೆಯೊಳಗೆ ಅವನು ಬೆಲ್ಟು ಹಾಕಿದ. ಪುಲ್ಲಿಯ ಅಂಚು ದಾಟಿಸಲು ತುಸು ಒತ್ತಬೇಕಾಯಿತು, ಹೊಸದಲ್ಲವೇ ಎಂದುಕೊಂಡ. ಚಿಕ್ಕ ಗಾಲಿಯನ್ನು ಹಿಂದಕ್ಕೆ ತಳ್ಳಿದಷ್ಟೂ ತಳ್ಳಬೇಕಾಯಿತು; ತಲೆ ಹೊಸದಲ್ಲವೇ ಎಂದುಕೊಂಡ. ಸ್ಪ್ಯಾನರ್ ಹಿಡಿದು ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದ. ಮೇಲಿನ ಗುರುತು, ಕೆಳಗಿನ ಗುರುತು, ಎರಡೂ ಸಾಲಿಗೆ ಬಂದವು. ನೋಡಿದ ಯಾರಾದರೂ ಭೇಷ್ ಎನ್ನಬೇಕು.

ಮರುದಿನ ಬೆಳಿಗ್ಗೆ ಬಂದ ಅತ್ತಿಗೆಯ ಎದುರಿಗೇ ಮೊದಲ ಸಲ ಕೀಲಿ ತಿರುಗಿಸಿದ. ಎಂಜಿನ್ ಒಂದೇ ಏಟಿಗೆ ಎದ್ದಿತು. ಮೊದಲು ಗಡಗಡ, ಆಮೇಲೆ ಸಮ. ಆ ಸಮದ ಅಡಿಯಿಂದ ಸಣ್ಣಗೆ, ದೂರದಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ರಾಗ ಎಳೆಯುತ್ತಿರುವ ಹಾಗೆ, ಒಂದು ಗುಂಯ್.

ಅತ್ತಿಗೆ ಬಾನೆಟ್ಟಿನ ಕಡೆ ಬಗ್ಗಿದಳು. "ಹಾಡ್ತಿದೆ" ಎಂದಳು.

ಕಿರಿ ಮೇಸ್ತ್ರಿಯ ಬಾಯಿ ತಾನಾಗಿ ತೆರೆಯಿತು. ಹೊಸದು, ಹಾಡ್ಲಿ ಬಿಡಿ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಪದಕ್ಕೆ ಪದ ಅದೇ, ಹೇಳುವ ಧಾಟಿಯೂ ಅದೇ. ಹೇಳಿದರೆ ನಾಳೆ ಬೆಳಿಗ್ಗೆ ಇವಳು ಆ ಇಳಿಜಾರಿನಲ್ಲಿರುತ್ತಾಳೆ. ಅವನು ಬಾಯಿ ಮುಚ್ಚಿದ. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. ಗುಂಯ್ ಎನ್ನುವುದು ಎಂಜಿನ್ ನಿಂತ ಮೇಲೂ ಒಂದೆರಡು ಕ್ಷಣ ಇತ್ತು.

"ಅತ್ತಿಗೆ, ನನ್ನ ಜೊತೆ ಒಂದು ಸಲ ಎಣಿಸ್ತೀರಾ?"

ಅವಳು ಅವನ ಮುಖವನ್ನು ಕರಡು ಹಾಳೆಯಂತೆ ಮೇಲಿನಿಂದ ಕೆಳಗೆ ಓದಿದಳು. "ಯಾಕೆ ಅಂತ ಕೇಳಲ್ಲ" ಎಂದಳು. "ತೆಗಿ ಅದನ್ನ. ಮನೆಗೆ ಹೋಗಿ ಬರ್ತೀನಿ."

ಅವಳು ಬರುವಷ್ಟರಲ್ಲಿ ಬೆಲ್ಟು ಒರೆಸಿಕೊಂಡು ಗೂಟದ ಮೇಲಿತ್ತು. ಅವಳ ಕೈಯಲ್ಲಿ ಆಸ್ಪತ್ರೆಯವರು ಕೊಟ್ಟಿದ್ದ ಕಂದು ಲಕೋಟೆ. "ಅವರ ಜೇಬಲ್ಲಿದ್ದಿದ್ದು. ಗಡಿಯಾರ, ಕನ್ನಡಕ, ಇದು. ಅವತ್ತಿನಿಂದ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೆ" ಎಂದು ಲಕೋಟೆಯನ್ನು ಅಂಗೈಗೆ ಬಗ್ಗಿಸಿದಳು. ಹಳದಿ ಸೀಮೆಸುಣ್ಣ ಬಿತ್ತು. ಉಗುರಿನಷ್ಟು ಉದ್ದದ ಚೂರು.

ಅತ್ತಿಗೆ ಲಕೋಟೆಯೊಳಗೆ ಮತ್ತೆ ಇಣುಕಿದಳು. "ಪೂರ್ತಿ ಕಡ್ಡಿ ಇತ್ತು" ಎಂದಳು. "ಅವತ್ತೇ ಡಬ್ಬಿಯಿಂದ ತೆಗೆದು ಜೇಬಿಗೆ ಹಾಕಿಕೊಂಡಿದ್ರು. ನಾನೇ ನೋಡಿದ್ದೆ."

"ಮುರಿದಿರಬೇಕು."

"ಮುರಿದ್ರೆ ಇನ್ನೊಂದು ತುಂಡು ಇರಬೇಕಲ್ಲ. ಇದು ಸವೆದಿದೆ."

ಅವಳು ಚೂರನ್ನು ಗೂಟದ ಕೆಳಗಿನ ಹಲಗೆಯ ಮೇಲಿಟ್ಟಳು. ಕೆಲವು ತಪ್ಪುಗಳನ್ನು ತಿದ್ದುವುದಕ್ಕಿಂತ ಗುರುತು ಹಾಕಿ ಬಿಡುವುದೇ ಮೇಲೆಂದು ಅವಳಿಗೂ ಗೊತ್ತಿತ್ತು.

ಅವನು ಕ್ರಮ ಹೇಳಿಕೊಟ್ಟ. ಅವಳು ಬಲಕ್ಕೆ ನಿಂತಳು. ಎರಡು ಹೆಬ್ಬೆರಳು ಎರಡು ಕಡೆಯಿಂದ ಇಳಿಯತೊಡಗಿದವು. ಅವನು ಗುನುಗಿದ. ಅವಳು ತುಟಿ ಬಿಗಿಹಿಡಿದಿದ್ದಳು; ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮನಸ್ಸಿನಲ್ಲೇ ಓದಿದವಳು. ಹತ್ತಕ್ಕೆ ಬಂದಾಗ ಅವಳ ಕಡೆಯಿಂದ ಟಕ್ ಎಂದಿತು.

"ಹಾಗೆ ಮಾಡು ಅಂತ ಯಾರು ಹೇಳಿಕೊಟ್ರು?"

"ಹೇಗೆ?"

"ನಾಲಿಗೆಯಲ್ಲಿ. ಟಕ್ ಅಂತ."

"ನಾನೇನೂ ಮಾಡಲಿಲ್ಲ" ಎಂದಳು. ಇಬ್ಬರ ಹೆಬ್ಬೆರಳೂ ಇದ್ದಲ್ಲೇ ನಿಂತಿದ್ದವು. "ಲೆಕ್ಕ ತಪ್ಪಿಸಬೇಡ. ಎಣಿಸು."

ಟಕ್, ಇಪ್ಪತ್ತು. ಟಕ್, ಮೂವತ್ತು. ಅವಳಿಗೂ ಕೇಳುತ್ತಿತ್ತೆಂದು ಅವಳ ಕತ್ತಿನ ನರ ನೋಡಿದರೆ ತಿಳಿಯುತ್ತಿತ್ತು. ಅವನು ಅರವತ್ತಮೂರಕ್ಕೆ ಕೆಳಗೆ ಬಂದು ನಿಂತ. ಅವಳ ಹೆಬ್ಬೆರಳು ಬಂದು ಅವನದಕ್ಕೆ ತಾಗಿತು. ಮುಂದೆ ಹೋಗಲು ಜಾಗವಿರಲಿಲ್ಲ, ಅಲ್ಲಿ ಅವನ ಬೆರಳಿತ್ತು. ಅವಳು ನಿಂತಳು.

ಅಲ್ಲೇ ಅವನಿಗೆ ಎಲ್ಲವೂ ಕಂಡಿತು. ಮೂವತ್ತು ವರ್ಷ ಅಣ್ಣನನ್ನು ಆ ಜಾಗದಲ್ಲಿ ನಿಲ್ಲಿಸಿದ್ದು ತಮ್ಮನ ಹೆಬ್ಬೆರಳು. ಕಡೆಯ ಹಲ್ಲು ಯಾವಾಗಲೂ ಅದರ ಅಡಿಯಲ್ಲಿರುತ್ತಿತ್ತು, ತಮ್ಮನ ಲೆಕ್ಕದಲ್ಲಿ ಮಾತ್ರ ಸೇರುತ್ತಿತ್ತು. ಒಬ್ಬನೇ ಎಣಿಸುವಾಗ ತಡೆಯಲು ಬೆರಳೇ ಇಲ್ಲ. ಆ ಕಡೆಯ ಹಲ್ಲನ್ನು ಅವನು ಒಮ್ಮೆ ತಮ್ಮನಾಗಿ ಎಣಿಸಿದ್ದ, ಒಮ್ಮೆ ಅಣ್ಣನಾಗಿ ಎಣಿಸಿದ್ದ. ನಿನ್ನೆಯೂ, ಅವತ್ತೂ.

"ನಂದು ಅರವತ್ತೊಂದು" ಎಂದಳು ಅತ್ತಿಗೆ.

"ನಂದು ಅರವತ್ತಮೂರು."

"ನೂರಿಪ್ಪತ್ತನಾಲ್ಕು. ಬೇಕಾಗಿದ್ದು?"

"ನೂರಿಪ್ಪತ್ತೈದು."

ಅವಳು ಕೈ ಕೆಳಗಿಳಿಸಿದಳು. ಆಮೇಲೆ ಕೇಳಿದಳು: "ಹಳೇದು ಎಲ್ಲಿದೆ?"

ಅವನು ಬೀರುವಿನ ಹಿಂದಿನಿಂದ ಡಬ್ಬಿ ಎಳೆದು, ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟಿದ.

"ಎಣಿಸಿದ್ಯಾ ಇದನ್ನ?"

"ಇಲ್ಲ."

"ಹದಿನಾಲ್ಕು ತಿಂಗಳು?"

"ಧೈರ್ಯ ಬರಲಿಲ್ಲ ಅತ್ತಿಗೆ."

ಹರಿದ ಬೆಲ್ಟಿಗೆ ಎರಡು ತುದಿ ಇರುತ್ತವೆ; ಅದನ್ನು ಎಣಿಸಲು ಒಬ್ಬರು ಸಾಕು. ಅತ್ತಿಗೆ ಅದನ್ನು ಮೇಜಿನ ಮೇಲೆ ಉದ್ದಕ್ಕೆ ಬಿಡಿಸಿ, ಸಾಲಿನಡಿ ಬೆರಳಿಟ್ಟು ಓದುವ ಹಾಗೆ ಎಣಿಸುತ್ತ ಹೋದಳು. ಎಣ್ಣೆ ಮೆತ್ತಿದ ರಬ್ಬರಿನ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ. ಆದರೂ ಅದರ ಅರ್ಧ ಉದ್ದಕ್ಕೆ, ಹತ್ತಕ್ಕೊಂದರಂತೆ, ಹಳದಿ ಗುರುತುಗಳಿದ್ದವು, ಈಗತಾನೆ ಹಾಕಿದಷ್ಟು ಸ್ವಚ್ಛವಾಗಿ. ಅವಳು ಅವನ್ನು ನೋಡಿದಳು, ನಿಲ್ಲಲಿಲ್ಲ. ಕೊನೆಯ ಹಲ್ಲಿನ ಮೇಲೆ ಬೆರಳು ಒತ್ತಿ ಹಿಡಿದು ಹೇಳಿದಳು:

"ನೂರಿಪ್ಪತ್ತು."

ಪಕ್ಕದಲ್ಲಿ ಗಾಳಿಯಂತ್ರ ನಿಂತಿತು. ಕಿರಿ ಮೇಸ್ತ್ರಿ ಗೋಡೆಗೆ ಒರಗಿದ.

"ನಾನೇ ಅತ್ತಿಗೆ" ಎಂದ. "ಒಂದು ಹಲ್ಲು ಕಡಿಮೆ ಇದ್ದಿದ್ದು ಹಾಕಿದೆ. ಹಾಡ್ತಿದೆ ಅಂದ. ಹಾಡ್ಲಿ ಬಿಡು ಅಂದೆ."

"ನಂಗೂ ಕೇಳಿಸ್ತಿತ್ತು" ಎಂದಳು ಅತ್ತಿಗೆ, ಬೆಲ್ಟಿನಿಂದ ಕಣ್ಣೆತ್ತದೆ. "ಒಮ್ಮೆ ಬಿಚ್ಚಿ ನೋಡಿ ಅಂದೆ. ತಮ್ಮ ಎಣಿಸಿದಾನೆ ಕಣೆ, ಅಂದ್ರು. ಒಬ್ಬ ಎಣಿಸಿದ್ದು ಎಣಿಕೆಯಲ್ಲ ಅಂತ ಮನೇಲಿ ಅನ್ನಕ್ಕೆ ಕೂತಾಗಲೂ ಹೇಳ್ತಿದ್ದ ಮನುಷ್ಯ. ಅವತ್ತು ಅಷ್ಟೇ ಅಂದ್ರು. ತಮ್ಮ ಎಣಿಸಿದಾನೆ."

ಅವನಿಗೆ ಆ ಮಾತು ಡಬ್ಬಿಗಿಂತ ಭಾರವಾಯಿತು.

ಅವಳು ಹರಿದ ಬೆಲ್ಟನ್ನು ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. "ನಿನ್ನನ್ನ ಏನು ಮಾಡ್ಬೇಕು ಅಂತ ನಂಗಿನ್ನೂ ಗೊತ್ತಿಲ್ಲ" ಎಂದಳು. "ಗೊತ್ತಾದಾಗ ಹೇಳ್ತೀನಿ. ಮೊದಲು ಸರಿಯಾದ ಬೆಲ್ಟು ತಾ."

ಇದೆ-ಇಲ್ಲ ಭಾನುವಾರ ಬಾಗಿಲು ತೆಗೆಯುವವನಲ್ಲ. ಅತ್ತಿಗೆ ಜೊತೆಗೆ ಬಂದಿದ್ದರಿಂದ ತೆಗೆದ. "ಇಲ್ಲ" ಎನ್ನುತ್ತಲೇ ಒಳಗೆ ಹೋದ. ಹೊರಗೆ ಬಂದಾಗ "ಇದೆ" ಎಂದು ತಾನೇ ಬೆರಗಾದ. ಕವರಿನ ಮೇಲೆ ನೂರಿಪ್ಪತ್ತನಾಲ್ಕು ಎಂದಿತ್ತು. ಗೂಟದ ಮೇಲೆ ಹಾಕಿ ಇಬ್ಬರೂ ಎಣಿಸಿದರು. ಅರವತ್ತಮೂರು, ಅರವತ್ತೆರಡು. ಹೆಬ್ಬೆರಳಿಗೆ ಹೆಬ್ಬೆರಳು ತಾಗಿತು. ಈ ಸಲ ಟಕ್ ಎನ್ನಲಿಲ್ಲ. ಪ್ರತಿ ಹತ್ತಕ್ಕೂ ಅದಕ್ಕಾಗಿ ಕಾದಿದ್ದೆನೆಂದು ಕಿರಿ ಮೇಸ್ತ್ರಿಗೆ ಎಣಿಸಿ ಮುಗಿದ ಮೇಲೆ ಗೊತ್ತಾಯಿತು.

ಬೆಲ್ಟು ಒತ್ತಿಸಿಕೊಳ್ಳದೆ ಕೂತಿತು. ಚಿಕ್ಕ ಗಾಲಿ ನಡುವಿನ ಗುರುತಿಗೇ ನಿಂತಿತು. ಕೈಯಿಂದ ಎರಡು ಸುತ್ತು ತಿರುಗಿಸಿದ. ಇನ್ನೆರಡು ಸುತ್ತನ್ನು ಅತ್ತಿಗೆ ತಿರುಗಿಸಿದಳು. ಕೀಲಿ ಹಾಕಿದಾಗ ಎಂಜಿನ್ ಎದ್ದು ಸಮಕ್ಕೆ ಬಂತು. ಅದರ ಅಡಿಯಲ್ಲಿ ಏನೂ ಇರಲಿಲ್ಲ. ಇಬ್ಬರೂ ಬಾನೆಟ್ಟಿನ ಆಚೆ ಈಚೆ ಕಿವಿಯಿಟ್ಟು, ಇಲ್ಲದ್ದನ್ನು ಬಹಳ ಹೊತ್ತು ಆಲಿಸಿದರು.

ಅತ್ತಿಗೆ ಸೀಟು ಮುಂದಕ್ಕೆ ಎಳೆದುಕೊಂಡು ಕೂತಳು. ಕನ್ನಡಿ ಸರಿ ಮಾಡಿಕೊಂಡಳು. "ಬೆಲ್ಟಿನ ಕೆಲಸ ಬಂದ್ರೆ ಬೇಡ ಅನ್ನಬೇಡ" ಎಂದಳು, ಗಾಜಿನಾಚೆಯ ಬೀದಿ ನೋಡುತ್ತ. "ಶನಿವಾರಕ್ಕೆ ಇಡು. ಶನಿವಾರ ನಂಗೆ ಅರ್ಧ ದಿನ." ಕಾರು ಬೀದಿಗಿಳಿದು ತಿರುವಿನಲ್ಲಿ ಮರೆಯಾಯಿತು. ಹಳದಿ ಚೂರನ್ನು ಅವಳು ಗೂಟದ ಕೆಳಗಿನ ಹಲಗೆಯ ಮೇಲೆ ಬಿಟ್ಟು ಹೋಗಿದ್ದಳು.

ಕಿರಿ ಮೇಸ್ತ್ರಿ ಅದನ್ನು ಕೈಗೆತ್ತಿಕೊಂಡ. ಪೂರ್ತಿ ಕಡ್ಡಿ ಇತ್ತು ಎಂದಿದ್ದಳು. ಎರಡು ಬೆಲ್ಟಿನ ಹತ್ತಿಪ್ಪತ್ತು ಗುರುತಿಗೆ ಒಂದು ಕಡ್ಡಿ ಇಷ್ಟು ಸವೆಯುವುದಿಲ್ಲ; ಕಸುಬಿನವನಿಗೆ ಅಷ್ಟು ಅಂದಾಜಿರುತ್ತದೆ. ಆಮೇಲೆ ಏಣಿ ತಂದು ಅಟ್ಟಕ್ಕೆ ಒರಗಿಸಿ, ಹದಿಮೂರು ತಿಂಗಳ ಧೂಳು ಕೂತಿದ್ದ ಕಟ್ಟನ್ನು ಕೆಳಗಿಳಿಸಿದ.

ಕಟ್ಟಿದ ಹುರಿ ಕಂಪನಿಯವರು ಹಾಕಿದ ಗಂಟಿನಲ್ಲೇ ಇತ್ತು. ಬ್ಲೇಡಿನಿಂದ ಕತ್ತರಿಸಿದ. ಒಳಗೆ ಇಪ್ಪತ್ತನಾಲ್ಕು ಬೆಲ್ಟು, ಒಂದೊಂದೂ ಬಾಯಿ ಅಂಟಿಸಿದ ಕವರಿನಲ್ಲಿ. ಮೊದಲನೆಯದನ್ನು ಹರಿದು ಬೆಲ್ಟನ್ನು ಬಿಸಿಲಿಗೆ ಹಿಡಿದ. ತುದಿಯ ಗೀಟಿನಿಂದ ಬಲಕ್ಕೆ ಹಳದಿ ಗುರುತುಗಳು, ಹತ್ತಕ್ಕೊಂದು; ಅರ್ಧದಲ್ಲಿ ನಿಂತಿದ್ದವು. ಎಡಮಗ್ಗುಲು ಕಪ್ಪಗೆ ಖಾಲಿ. ಎರಡನೆಯದನ್ನು ಹರಿದ. ಐದನೆಯದನ್ನು. ಹನ್ನೊಂದನೆಯದನ್ನು. ಎಲ್ಲದರಲ್ಲೂ ಬಲಗಡೆ ಎಣಿಸಿ ಮುಗಿದಿತ್ತು, ಎಲ್ಲದರಲ್ಲೂ ಎಡಗಡೆ ಬಾಕಿಯಿತ್ತು.

ಬೀದಿಯಲ್ಲಿ ಟೈರಿನವನು ಯಾರಿಗೋ ಏನೋ ಹೇಳಿ ತಾನೇ ನಗುತ್ತಿದ್ದ. ಕಿರಿ ಮೇಸ್ತ್ರಿ ಮೊದಲ ಬೆಲ್ಟನ್ನು ಗೂಟಕ್ಕೆ ಹಾಕಿದ. ಹಳದಿ ಚೂರನ್ನು ಬಲಗಡೆ, ಕೈಗೆ ಸಿಗುವ ಹಾಗೆ ಇಟ್ಟ. ಜೇಬಿನಿಂದ ಬಿಳಿಯದನ್ನು ತೆಗೆದು, ತನ್ನ ಮಗ್ಗುಲಲ್ಲಿ ನಿಂತು, ಗೀಟಿನ ಮುಂದಿನ ಹಲ್ಲಿನ ಮೇಲೆ ಹೆಬ್ಬೆರಳಿಟ್ಟ.

"ಒಂದು" ಎಂದ, ಎಂದಿನಂತೆ ಗುನುಗುತ್ತ.